ವರನ ಎತ್ತರದ ಗ್ರಾಫು

ನಾನು ಐದಡಿ ಏಳಿಂಚು. ಈಗ ಇದನ್ನು ಸಲೀಸಾಗಿ ಬರೆಯುತ್ತೇನೆ. ಆಗ ನಮ್ಮ ಮನೆಯಲ್ಲಿ ಇದು ಬಾಯಿಬಿಟ್ಟು ಹೇಳುವ ವಿಷಯವಾಗಿರಲಿಲ್ಲ. ಇದೇ ಕಾರಣಕ್ಕೆ ಎರಡು ಸಂಬಂಧ ತಪ್ಪಿಹೋಗಿದ್ದವು. ಮೂರನೆಯವರು ಯಾದವಗಿರಿಯ ನಮ್ಮ ಮನೆಗೆ ಹೆಣ್ಣು ನೋಡಲು ಬಂದಾಗ ಅಜ್ಜಿ ನನ್ನನ್ನು ಮೊದಲೇ ಚಾಪೆಯ ಮೇಲೆ ಕೂರಿಸಿಬಿಟ್ಟಿದ್ದರು. ಕೇಸರಿಬಾತಿನ ತಟ್ಟೆಗಳನ್ನು ಸೋದರತ್ತೆ ತಂದರು. ನಮಸ್ಕಾರವನ್ನೂ ಕೂತಲ್ಲೇ ಬಗ್ಗಿ ಮುಗಿಸಿದೆ. "ಅವರು ಗೇಟು ದಾಟೋವರೆಗೂ ಏಳಬೇಡ ಕಣೇ" ಎಂದು ಅಜ್ಜಿಯ ಕಟ್ಟಪ್ಪಣೆ. ಮದುವೆಯಾದ ಮೇಲೂ ಹೀಗೇ ಜೀವಮಾನವಿಡೀ ಕೂತಿರಬೇಕೇನೋ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ವರನ ತಂದೆ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದು ನಿವೃತ್ತರಾದವರು. ನಾನು ಇಂಟರ್‌ಮೀಡಿಯೆಟ್‌ನಲ್ಲಿ ಗಣಿತ ಓದಿದ್ದೇನೆಂದು ಕೇಳಿದ್ದೇ ತಡ, ಹಾಡು ಹೇಳಿಸುವುದನ್ನು ಬಿಟ್ಟು ಚೀಲದಿಂದ ಒಂದು ಗ್ರಾಫ್ ಹಾಳೆ ತೆಗೆದರು. ಮಗನನ್ನು ಪ್ರತಿ ಹುಟ್ಟುಹಬ್ಬಕ್ಕೂ ಗೋಡೆಗೆ ಒರಗಿಸಿ ಅಳೆದು, ಚುಕ್ಕಿ ಇಟ್ಟು, ಗೆರೆ ಸೇರಿಸಿದ್ದರು. ಕೆಳಗೆ ವಯಸ್ಸು, ಪಕ್ಕದಲ್ಲಿ ಎತ್ತರ. ಜಾತಕಕ್ಕಿಂತ ಇದರ ಮೇಲೇ ಅವರಿಗೆ ಹೆಚ್ಚು ನಂಬಿಕೆ. ಹನ್ನೆರಡೂವರೆ ವಯಸ್ಸಿಗೆ ಎಷ್ಟಿದ್ದ, ನೋಡಿ ಹೇಳಮ್ಮ ಎಂದರು. ಅಲ್ಲಿ ಚುಕ್ಕಿಯೇ ಇರಲಿಲ್ಲ. ಬೆರಳನ್ನು ನೇರ ಮೇಲಕ್ಕೆ ಗೆರೆಯವರೆಗೆ ಒಯ್ದು, ಅಲ್ಲಿಂದ ಅಡ್ಡಲಾಗಿ ಎಡಕ್ಕೆ ಸರಿಸಿ, ನಾಲ್ಕಡಿ ಒಂಬತ್ತಿಂಚು ಎಂದೆ. ಮೇಷ್ಟ್ರ ಮುಖ ಅರಳಿತು.

ನನ್ನ ಬೆರಳು ಅಲ್ಲಿಗೇ ನಿಲ್ಲಬೇಕಲ್ಲ. ಇಪ್ಪತ್ತರಿಂದ ಗೆರೆ ಐದಡಿ ನಾಲ್ಕಿಂಚಿನಲ್ಲಿ ಅಲುಗಾಡದೆ ಮಲಗಿತ್ತು. ಇಪ್ಪತ್ತಾರಕ್ಕೆ ಮಾತ್ರ ಇದ್ದಕ್ಕಿದ್ದಂತೆ ಎರಡಿಂಚು ನೆಗೆದಿತ್ತು. ಆ ವಯಸ್ಸಿನಲ್ಲಿ ಯಾರಾದರೂ ಬೆಳೆಯುತ್ತಾರೆಯೇ ಎಂದು ಕೇಳಿಯೇಬಿಟ್ಟೆ. ಅಜ್ಜಿ ಹಿಂದಿನಿಂದ ಚಿವುಟಿದರು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ನೋಡಿ, ತಾವೇ ಅಳೆದದ್ದು, ತಪ್ಪಿರಲು ಸಾಧ್ಯವೇ ಇಲ್ಲ ಎಂದರು.

ಅಲ್ಲಿಯವರೆಗೆ ಕೇಸರಿಬಾತನ್ನೇ ನೋಡುತ್ತಿದ್ದ ವರ ತಲೆಯೆತ್ತಿದರು.

"ಹೆಣ್ಣು ನೋಡೋಕೆ ಶುರು ಮಾಡಿದ ವರ್ಷ ಅಲ್ವಾ ಅಪ್ಪ, ಹಿಮ್ಮಡಿ ಎತ್ತಿ ನಿಂತ್ಕೊಂಡಿದ್ದೆ. ಪಂಚೆ ಇಳಿಬಿಟ್ಟಿದ್ದೆ, ನಿಮಗೆ ಕಾಣಲಿಲ್ಲ."

ಮೇಷ್ಟ್ರು ಗ್ರಾಫ್ ಹಾಳೆಯನ್ನು ಮತ್ತೆ ಕಣ್ಣಿನ ಹತ್ತಿರ ಹಿಡಿದರು. ನನಗೆ ಮಾತ್ರ ಆ ಮನುಷ್ಯ ತುಂಬ ಇಷ್ಟವಾಗಿಬಿಟ್ಟರು. ಅಜ್ಜಿ ಸೆರಗು ಹಿಡಿದು ಜಗ್ಗುತ್ತಿದ್ದರೂ ಎದ್ದು ನಿಂತೆ, ಪೂರ್ತಿ ಐದಡಿ ಏಳಿಂಚು. ಅವರು ಕತ್ತೆತ್ತಿ ನನ್ನ ನೆತ್ತಿಯವರೆಗೂ ನೋಡಿದರು. ತಟ್ಟೆ ಕೆಳಗಿಟ್ಟು, ಎದ್ದು ಬಂದು, ನನ್ನ ಪಕ್ಕದಲ್ಲಿ ಎರಡೂ ಹಿಮ್ಮಡಿ ನೆಲಕ್ಕೂರಿ ನಿಂತು, "ಈಗ ಅಳೀರಿ ಅಪ್ಪ" ಎಂದರು.