ತಾಳಿಯ ಗುಂಡು, ಗುಟ್ಕಾ ಚೀಟಿ

ಹನುಮಕ್ಕ, ಕುರುಗೋಡಿನ ಮೆಣಸಿನಕಾಯಿ ಕಣದಲ್ಲಿ ನಿಮ್ಮ ಹೆಸರು ಕೆಡಿಸಿದವಳು ನಾನು. ಗೌರಮ್ಮನವರಲ್ಲ, ನಿಮ್ಮ ಪಕ್ಕದಲ್ಲಿ ಕೂತು ತೊಟ್ಟು ಮುರಿಯುತ್ತಿದ್ದ ಹೆಂಗಸರಲ್ಲ, ನನ್ನ ಕೈಯಲ್ಲಿದ್ದ ಯಂತ್ರವೂ ಅಲ್ಲ—ನಾನು. ಇದು ನನಗೆ ತಿಳಿದ ಮೇಲೂ ಸುಗ್ಗಿಯ ಮೇಲೆ ಸುಗ್ಗಿ ಕಳೆದಿದೆ. ತಿಳಿದೂ ಸುಮ್ಮನಿದ್ದೇನೆ.

ನಿಮಗೆ ಓದು ಬಾರದು. ಇದನ್ನು ನಾನೇ ನಿಮ್ಮೆದುರು ಕೂತು ಓದಬೇಕು. ಆದರೂ ಮೊದಲು ಬರೆದುಕೊಳ್ಳುತ್ತಿದ್ದೇನೆ—ಏಕೆಂದರೆ ಮಾತಿನಲ್ಲಿ ಗೆಲ್ಲುವುದನ್ನು ನಾನು ಕಲಿತುಬಿಟ್ಟಿದ್ದೇನೆ. ಬಳ್ಳಾರಿಯ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿ ನಿಲ್ಲಿಸಿದರೂ ಗೆದ್ದೆ, ವಿರೋಧವಾಗಿ ನಿಲ್ಲಿಸಿದರೂ ಗೆದ್ದೆ. ನಿಮ್ಮ ಮುಂದೆ ಬರಿಗೈಯಲ್ಲಿ ಬಾಯಿ ತೆರೆದರೆ ಅರ್ಧ ದಾರಿಯಲ್ಲಿಯೇ ನನ್ನ ಪರ ವಾದಿಸತೊಡಗುತ್ತೇನೆ ಎಂಬ ಭಯ ನನಗಿದೆ.

ನಮ್ಮ ಕಡೆ ಬಂಗಾರ ಕಳೆದರೆ ಅಂಜನ ಹಾಕಿಸುತ್ತಾರೆ. ವೀಳ್ಯದೆಲೆಗೆ ಕಪ್ಪು ಹಚ್ಚಿ, ಅದರಲ್ಲಿ ಕದ್ದವರ ಮುಖ ಕಾಣುತ್ತದೆಂದು ಒಬ್ಬಾತ ಹೇಳುತ್ತಾನೆ. ಆ ಮುಖ ಯಾವಾಗಲೂ ಕೂಲಿಗೆ ಬಂದವರದ್ದೇ ಆಗಿರುತ್ತದೆ. ಕುರುಗೋಡಿನ ಶಾಲೆಗೆ ಶಿಕ್ಷಕಿಯಾಗಿ ಬಂದ ಮೇಲೆ ಇದರ ವಿರುದ್ಧ ಊರೂರಲ್ಲಿ ಮಾತನಾಡಿದೆ. ಮಾತು ಸಾಲದೆನಿಸಿ ಲೋಹ ಹುಡುಕುವ ಯಂತ್ರವೊಂದನ್ನು ಕೊಂಡೆ—ಕಲಿಯುವವರಿಗೆಂದು ಮಾಡಿದ್ದು, ತಿರುಗಿಸುವ ಎರಡೇ ನಾಬ್‌ಗಳದ್ದು. ನಿಧಿ ಹುಡುಕುವವಳೆನಿಸಿಕೊಳ್ಳದಂತೆ ಕೋಟೆ, ಗುಡಿಗಳ ಹತ್ತಿರ ಸುಳಿಯದೆ, ಹೊಲದವರು ಕರೆದಲ್ಲಿಗೆ ಮಾತ್ರ ಹೋಗುತ್ತಿದ್ದೆ. ಕಾಲುಂಗುರ, ಬೀಗದ ಕೈ ಸಿಕ್ಕವು. ಜನ ನಂಬತೊಡಗಿದರು. ನಾನೂ ನನ್ನನ್ನು—ಬೇಕಾದದ್ದಕ್ಕಿಂತ ಹೆಚ್ಚು ನಂಬಿದೆ.

ಆ ದಿನ ಕಣದ ಒಡತಿ ಗೌರಮ್ಮನವರು ನಿಮ್ಮ ಪಕ್ಕದಲ್ಲೇ ಕೂತು ಕಾಯಿ ಆರಿಸುತ್ತಿದ್ದರು. ಘಾಟಿಗೆ ಅವರಿಗೆ ಸೀನು ಬಂತು. ಮೂಗಿಗೆ ಸೆರಗು ಎಳೆದುಕೊಂಡ ರಭಸಕ್ಕೆ ತಾಳಿಯ ದಾರ ಕಿತ್ತಿತು. ಚದುರಿದ್ದೆಲ್ಲ ಸಿಕ್ಕಿ ಒಂದು ಬಂಗಾರದ ಗುಂಡು ಮಾತ್ರ ಸಿಗಲಿಲ್ಲ. ಅಂಜನದವನನ್ನು ಕರೆಸುವ ಮಾತು ಎದ್ದಾಗ ನಾನು ಯಂತ್ರ ಹೊತ್ತು ಓಡಿ ಬಂದೆ. ನೀವು ನನಗೆ ನೀರು ತಂದುಕೊಟ್ಟಿರಿ. "ಚಲೋ ಆತ್ರಿ ಟೀಚರಮ್ಮ, ನೀವು ಬಂದಿದ್ದು," ಎಂದಿರಿ. ಆ ಮಾತಿನಲ್ಲಿದ್ದ ನಿರಾಳ ಈಗಲೂ ನನ್ನ ಕಿವಿಯಲ್ಲಿದೆ.

ಕಣದ ತುಂಬ ಗುಟ್ಕಾ ಚೀಟಿಗಳು. ಅವುಗಳ ಒಳಗಿನ ಬೆಳ್ಳನೆಯ ತಗಡಿಗೆ ಯಂತ್ರ ಹೆಜ್ಜೆಹೆಜ್ಜೆಗೂ ಕೂಗುತ್ತಿತ್ತು. ಹೆಂಗಸರು ನಕ್ಕರು.

"ಟೀಚರಮ್ಮ, ನಿಮ್ಮ ಮಷೀನಿಗೂ ಗುಟ್ಕಾ ಚಟ ಐತೇನ್ರಿ?"

"ಹಂಗಾರ ನಮ್ಮ ಮನಿಯಾಂವನ ಸಂಗಾಟ ಸಂಸಾರ ಮಾಡ್ತೈತಿ, ಬಿಟ್ಟುಹೋಗ್ರಿ!"

ನೀವೂ ಸೆರಗಿನಲ್ಲಿ ನಕ್ಕಿರಿ. ನಾನು ನಗಲಿಲ್ಲ. ಬೇಡದ ತಗಡನ್ನು ಕಡೆಗಣಿಸು ಎಂದು ಯಂತ್ರಕ್ಕೆ ಹೇಳುವ ನಾಬ್ ಒಂದಿತ್ತು. ಚೀಟಿಗಳು ಪೂರ್ತಿ ಬಾಯಿ ಮುಚ್ಚುವವರೆಗೂ ಅದನ್ನು ತಿರುಗಿಸಿದೆ. ಯಂತ್ರ ಗಂಭೀರವಾಯಿತು. ನನಗೂ ಗಾಂಭೀರ್ಯ ಮರಳಿತು. ಕಣವನ್ನೆಲ್ಲ ಸುತ್ತಿದೆ. ಒಂದು ಸದ್ದಿಲ್ಲ. ಆಮೇಲೆ ವೇದಿಕೆಯ ಮೇಲೆ ನಿಂತವಳಂತೆ ಹೇಳಿದೆ:

"ಈ ಕಣದಲ್ಲಿ ಬಂಗಾರವಿಲ್ಲ. ಯಂತ್ರಕ್ಕೆ ಯಾರ ಮೇಲೂ ಪ್ರೀತಿಯಿಲ್ಲ, ದ್ವೇಷವಿಲ್ಲ. ಅದು ಸುಳ್ಳು ಹೇಳುವುದಿಲ್ಲ."

ನೆಲದಲ್ಲಿ ಇಲ್ಲವೆಂದರೆ ಯಾರದೋ ಮಡಿಲಲ್ಲಿ ಇರಬೇಕು. ನಾನು ಆ ವಾಕ್ಯವನ್ನು ಆಡಲಿಲ್ಲ; ಆಡುವ ಅಗತ್ಯವೇ ಉಳಿಯದಂತೆ ಮಾಡಿದ್ದೆ. ಎಲ್ಲರೂ ಗೌರಮ್ಮನವರ ಪಕ್ಕದಲ್ಲಿದ್ದ ನಿಮ್ಮ ಕಡೆ ನೋಡಿದರು. ನೀವು ಎದ್ದು ಸೀರೆ ಕೊಡವಿ ತೋರಿಸಿದಿರಿ—ಯಾರೂ ಕೇಳಿರಲಿಲ್ಲ. ಯಾರೂ ನಿಮ್ಮನ್ನು ಕಳ್ಳಿ ಎನ್ನಲೂ ಇಲ್ಲ. ಮರುದಿನದಿಂದ ಕೆಲಸಕ್ಕೆ ಕರೆಯಲಿಲ್ಲ, ಅಷ್ಟೆ. ನೀವು ಮಗಳನ್ನು ಕರೆದುಕೊಂಡು ಸಿರುಗುಪ್ಪದ ತಂಗಿಯ ಮನೆ ಸೇರಿ ಭತ್ತದ ನಾಟಿಗೆ ಹೋಗತೊಡಗಿದಿರೆಂದು ಕೇಳಿದೆ.

ಮುಂದಿನ ಸುಗ್ಗಿಯ ಹೊತ್ತಿಗೆ ನನಗೆ ದೊಡ್ಡ ಯಂತ್ರ ಬೇಕೆನಿಸಿತು. ಬಳ್ಳಾರಿಯ ಕೌಲ್ ಬಜಾರಿನ ಅಂಗಡಿಯವರು ಎರಡನ್ನು ತರಿಸಿ, ಮನೆಯಲ್ಲಿ ನೋಡಿ ಒಂದನ್ನು ಇಟ್ಟುಕೊಳ್ಳಿ ಎಂದರು. ಒಂದು ಆಳಕ್ಕೆ ಇಳಿಯುತ್ತಿತ್ತು, ಆದರೆ ತೋಳು ಸೋಲುವಷ್ಟು ಭಾರ. ಇನ್ನೊಂದು ಅಷ್ಟು ಆಳಕ್ಕೆ ಇಳಿಯದಿದ್ದರೂ ನಮ್ಮ ಕಬ್ಬಿಣ ತುಂಬಿದ ಕೆಂಪು ಮಣ್ಣಿಗೆ ತಾನೇ ಹೊಂದಿಕೊಳ್ಳುತ್ತಿತ್ತು. ನೆಲದ ಮೇಲೆ ಆಡಿಸುವ ಅದರ ತಟ್ಟೆ ಗದ್ದೆಯ ನೀರಿನಲ್ಲಿ ಮುಳುಗಿದರೂ ಕೆಡುತ್ತಿರಲಿಲ್ಲ. ಸಿಕ್ಕ ಲೋಹಕ್ಕೆ ಪರದೆಯ ಮೇಲೆ ಒಂದು ಅಂಕಿ ತೋರಿಸುತ್ತಿತ್ತು. ಬಳ್ಳಾರಿಯ ನಮ್ಮ ಮನೆಯ ಹಿತ್ತಲಲ್ಲಿ, ತುಳಸಿಕಟ್ಟೆಯ ಪಕ್ಕ, ಎರಡನ್ನೂ ವಾದಿ–ಪ್ರತಿವಾದಿಗಳಂತೆ ಒರಗಿಸಿ ಅಮ್ಮನನ್ನು ಕೇಳಿದೆ. ಹಳೆಯ ಸರದಿಂದ ಬಿಚ್ಚಿಟ್ಟಿದ್ದ ಗುಂಡೊಂದು ಅವಳ ಡಬ್ಬಿಯಲ್ಲಿತ್ತು.

"ನಿಮ್ಮಜ್ಜೀದ ಅದು. ನೆಲಕ್ಕ ಹಾಕಿ ಕಳೀಬ್ಯಾಡ. ಕಳದ್ರ ನಾ ಅಂಜನ ಹಾಕಿಸ್ತೀನಿ ನೋಡು, ನಿನ್ನ ಮಾರೀನೇ ಬರ್ತದ!"

ಗುಂಡನ್ನು ಮಣ್ಣಿನಲ್ಲಿಟ್ಟೆ. ಅಂಕಿ ಬಂತು. ಬೀದಿಯಿಂದ ಒಂದು ಗುಟ್ಕಾ ಚೀಟಿ ಹೆಕ್ಕಿ ತಂದಿಟ್ಟೆ. ಹೆಚ್ಚುಕಡಿಮೆ ಅದೇ ಅಂಕಿ.

ತಾಳಿಯ ಗುಂಡೆಂದರೆ ಒಳಗೆ ಅರಗು, ಮೇಲೆ ಈರುಳ್ಳಿ ಸಿಪ್ಪೆಯಂಥ ಬಂಗಾರ. ಯಂತ್ರಕ್ಕೆ ಅದೂ ತೆಳು ತಗಡು, ಇದೂ ತೆಳು ತಗಡು. ಒಳಗಿನಿಂದ ಹಳೆಯ ಯಂತ್ರ ತಂದೆ. ನಾಬನ್ನು ಕಣದಲ್ಲಿ ಇಟ್ಟಿದ್ದ ಗುರುತಿಗೇ ಇಟ್ಟು ಗುಂಡಿನ ಮೇಲೆ ಆಡಿಸಿದೆ. ಸದ್ದಿಲ್ಲ. ಹಿಂದಕ್ಕೆ ತಿರುಗಿಸಿದೆ. ಕೂಗಿತು—ಎಳೆಗರುವಿನಂತೆ, ಸ್ಪಷ್ಟವಾಗಿ.

ಅಮ್ಮ ನನ್ನ ಮುಖ ನೋಡಿದಳು.

ಆಗಲೇ ಹೇಳಬೇಕಿತ್ತು. ಬದಲಿಗೆ ನಾನು ಅಂಕಿ ತೋರಿಸುವ ಯಂತ್ರವನ್ನು ಇಟ್ಟುಕೊಂಡೆ. ಹಳೆಯದು ನಿರ್ದೋಷಿಯೆಂದು ತಿಳಿದಿದ್ದೂ ಅದನ್ನು ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದೆ. ಕುರುಗೋಡಿಗೆ ಹೋಗಿ, ಯಾವುದನ್ನೂ ಕಡೆಗಣಿಸದೆ, ಪ್ರತಿ ಚೀಟಿಯನ್ನೂ ಹೆಕ್ಕಿ ತೆಗೆಯುತ್ತ ಹುಡುಕಿದೆ. ಕಣದ ಅಂಚುಗಲ್ಲಿನ ಬುಡದಲ್ಲಿ ಗುಂಡು ಸಿಕ್ಕಿತು. ಗೌರಮ್ಮನವರು ಕಣ್ಣಿಗೊತ್ತಿಕೊಂಡು ಅತ್ತರು. ಆಮೇಲೆ ಕೇಳಿದರು:

"ಹೋದ ವರ್ಷ ಈ ಕಲ್ಲಿನ ಹತ್ರ ನೋಡಿದ್ರೆಲ್ರಿ? ಅವಾಗ ಇರ್ಲಿಲ್ಲ. ಈಗ ಹೆಂಗ ಬಂತು?"

ಹಿಂದಿನಿಂದ ಮುದುಕಿಯೊಬ್ಬಳು ಹೇಳಿದಳು: "ತಂದು ಒಗದಿರ್ತಾಳ ಬಿಡ್ರಿ. ಹೊಟ್ಟ್ಯಾಗ ಸಂಕಟ ಆಗಿರ್ತೈತಿ. ಮಷೀನು ಸುಳ್ಳು ಹೇಳಂಗಿಲ್ಲಂತ ಟೀಚರಮ್ಮನೇ ಹೇಳ್ಯಾರ."

ನನ್ನದೇ ಮಾತು, ಹನುಮಕ್ಕ. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆದರೆ ತಪ್ಪೊಪ್ಪಿಕೊಂಡರೆ ಇವರೆಲ್ಲ ಮತ್ತೆ ಅಂಜನದವನ ಬಾಗಿಲಿಗೆ ಹೋಗುತ್ತಾರೆ, ಒಂದು ಹೆಸರಿಗಿಂತ ಒಂದು ಸುಧಾರಣೆ ದೊಡ್ಡದು ಎಂದುಕೊಂಡೆ. ಎಷ್ಟು ಸೊಗಸಾದ ವಾದ! ನಾನು ಸುಮ್ಮನಾದೆ. ಆ ಮೌನದಲ್ಲಿ ನಾನೂ ಎಲೆಗೆ ಕಪ್ಪು ಹಚ್ಚಿ ನಿಮ್ಮ ಮುಖ ತೋರಿಸಿದೆ. ಮುಂದೆ ಕೊಳಗಲ್ಲು ಊರಿನ ಸಭೆಯಲ್ಲಿ, ಕಳೆದ ಗುಂಡು ಸಿಕ್ಕಿದ್ದನ್ನು ವಿಜ್ಞಾನದ ಗೆಲುವೆಂದು ವರ್ಣಿಸಿ ಚಪ್ಪಾಳೆಯನ್ನೂ ಪಡೆದೆ. ಆ ಕಥೆಯಲ್ಲಿ ನೀವಿರಲಿಲ್ಲ.

ಸಿರುಗುಪ್ಪಕ್ಕೆ ಬಂದದ್ದು ಹೇಳಲೆಂದೇ. ನಾಟಿ ಮುಗಿಸಿ ಬಂದ ನಿಮ್ಮ ಕೈಗಳಲ್ಲಿ ಇನ್ನೂ ಕೆಸರಿತ್ತು. ನನ್ನನ್ನು ಕಂಡು ನೀವು ಕೈ ತೊಳೆದು, ರೊಟ್ಟಿ ತಟ್ಟಿ, ಕೆಂಪುಖಾರದ ಮೇಲೆ ಎಣ್ಣೆ ಬಿಟ್ಟು ಮುಂದಿಟ್ಟಿರಿ.

"ಸಿಕ್ತಂತಲ್ರಿ ಗುಂಡು. ನನ್ನ ಜೀವಕ್ಕ ತಂಪಾತು ನೋಡ್ರಿ. ಖರೇ ಹೇಳ್ರಿ, ಅವತ್ತ್ಯಾಕ ಸುಮ್ನಿತ್ರಿ ಆ ಮಷೀನು?"

"ನಮ್ಮ ಮಣ್ಣಿನಲ್ಲಿ ಕಬ್ಬಿಣ ಹೆಚ್ಚು, ಅದಕ್ಕೆ," ಎಂದೆ. ಅದು ಸುಳ್ಳು.

"ಪಾಪ, ಅದರ ಕಣ್ಣಿಗೆ ಮಣ್ಣು ಬಿತ್ತು ಅನ್ರಿ," ಎಂದು ನಕ್ಕಿರಿ ನೀವು. ಇನ್ನೊಂದು ರೊಟ್ಟಿ ಹಾಕುತ್ತ ತಗ್ಗಿದ ದನಿಯಲ್ಲಿ ಹೇಳಿದಿರಿ: "ಇದನ್ನ ಕಣದಾಗ ಒಂದ್ಸಲ ಹೇಳ್ರಿ ಟೀಚರಮ್ಮ. ನೀವು ಹೇಳಿದ್ರ ಕೇಳ್ತಾರ್ರೀ."

ಹೇಳುತ್ತೇನೆ ಎಂದೆ. ರೊಟ್ಟಿ ತಿಂದೆ. ಬಂದೆ. ಹೇಳಲಿಲ್ಲ.

ಈ ಸುಗ್ಗಿಗೆ ನಿಮ್ಮ ಮಗಳು ಆ ಕಣಕ್ಕೆ ಕೆಲಸಕ್ಕೆ ಬಂದಿದ್ದಾಳೆ. ನಿನ್ನೆ ಆ ದಾರಿಯಲ್ಲಿ ಹೋಗುವಾಗ ಕಂಡೆ. ಅವಳು ಬಂದು ಕೂತೊಡನೆ ಪಕ್ಕದ ಹೆಂಗಸಿನ ಕೈ ತನ್ನ ಕೊರಳಿಗೆ ಹೋಯಿತು. ತಾಳಿ ಮುಟ್ಟಿ ನೋಡಿಕೊಂಡಿತು. ಅವಳ ಪಕ್ಕದವಳದ್ದೂ. ಹುಡುಗಿ ಅದನ್ನು ಗಮನಿಸಿದಳು. ತನ್ನ ಗೋಣಿಚೀಲವನ್ನು ಸ್ವಲ್ಪ ದೂರಕ್ಕೆ ಎಳೆದುಕೊಂಡು, ಒಬ್ಬಳೇ ಕೂತು ತೊಟ್ಟು ಮುರಿಯತೊಡಗಿದಳು. ನಿಮ್ಮದೇ ಬೆರಳುಗಳು, ಹನುಮಕ್ಕ—ಅದೇ ಚುರುಕು.

ಇಂದು ಅಟ್ಟದಿಂದ ಹಳೆಯ ಯಂತ್ರ ಇಳಿಸಿದೆ. ಅಮ್ಮ ಡಬ್ಬಿ ತೆರೆದು ಅಜ್ಜಿಯ ಗುಂಡನ್ನು ನನ್ನ ಅಂಗೈಯಲ್ಲಿಟ್ಟಳು. "ಈ ಸಲ ಪೂರ್ತಿ ಹೇಳಿ ಬಾ," ಎಂದಳು. ಅಂದು ಹಿತ್ತಲಲ್ಲಿಯೇ ಅವಳಿಗೆ ಎಲ್ಲವೂ ತಿಳಿದಿತ್ತು.

ನಾಳೆ ಮೊದಲು ನಿಮ್ಮಲ್ಲಿಗೆ ಬರುತ್ತೇನೆ. ಇದನ್ನು ಓದುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ, ರೊಟ್ಟಿ ಹಾಕಿದಷ್ಟೇ ಸಲೀಸಾಗಿ. ಆಮೇಲೆ ಕಣಕ್ಕೆ ಹೋಗುತ್ತೇನೆ. ನಿಮಗೆ ಬರಲು ಮನಸ್ಸಿದ್ದರೆ ಬನ್ನಿ, ಬಾರದಿದ್ದರೂ ಹೋಗುತ್ತೇನೆ. ಎಲ್ಲರೆದುರು ಅಂಚುಗಲ್ಲಿನ ಬುಡದಲ್ಲಿ ಗುಂಡನ್ನು ಇಟ್ಟು, ನಾಬನ್ನು ಅಂದಿನ ಗುರುತಿಗೆ ತಿರುಗಿಸಿ, ಯಂತ್ರ ಹೇಗೆ ಸುಮ್ಮನಾಗುತ್ತದೆಂದು ತೋರಿಸುತ್ತೇನೆ. ನಂತರ ಆ ನಾಬನ್ನು ಹಿಂದಕ್ಕೆ ತಿರುಗಿಸಲು ನಿಮ್ಮ ಮಗಳನ್ನು ಕರೆಯುತ್ತೇನೆ.