ಬಾವಿಯ ಎರಡು ದಿಕ್ಕಿನ ನೀರು

ಮದುವೆಯಾಗಿ ಗಡಿಯಾಚೆಯ ನಂದವರಂ ಕಡೆಯ ಆ ಹಳ್ಳಿಗೆ ಬಂದ ಮೂರನೆಯ ದಿನ ಬೆಳಿಗ್ಗೆ, ಮಾವನವರು ಎಲ್ಲಿ ಎಂದು ಅತ್ತೆಯನ್ನು ಕೇಳಿದೆ. ಅತ್ತೆ ರೊಟ್ಟಿ ಬಡಿಯುತ್ತಲೇ, "ಎಣ್ಣಿ ಹೊಡ್ಯಾಕ ಹೋಗ್ಯಾರವ್ವ. ತಮ್ಮನ್ನೂ ಕರ್ಕೊಂಡು ಹೋಗ್ಯಾರ. ಮಧ್ಯಾಹ್ನದ ತನಕ ಇಬ್ರೂ ಬರಂಗಿಲ್ಲ" ಎಂದರು.

ನಾನು ಬಳ್ಳಾರಿ ಪೇಟೆಯಲ್ಲಿ ಬೆಳೆದವಳು. ನಮ್ಮ ಓಣಿಯಲ್ಲಿ ಎಣ್ಣೆ ಹೊಡೆಯುವುದೆಂದರೆ ಒಂದೇ ಅರ್ಥ. ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗ, ಮಾತಿಗೊಮ್ಮೆ ಶಿವಶಿವಾ ಅನ್ನುವ ಮನುಷ್ಯ ಬೆಳಿಗ್ಗೆ ಎಂಟಕ್ಕೇ, ಅದೂ ತಮ್ಮನನ್ನು ಜೊತೆಗೆ ಹಾಕಿಕೊಂಡು! ಅತ್ತೆಯ ಸಮಾಧಾನ ನೋಡಿ ಇನ್ನಷ್ಟು ಗಾಬರಿಯಾಯಿತು. ಹಿತ್ತಲಿಗೆ ಹೋಗಿ ತವರಿಗೆ ಫೋನು ಹಚ್ಚಿ, "ಅವ್ವ, ಇಲ್ಲಿ ಗಂಡಸರು ಮುಂಜಾನಿಂದನ ಶುರು ಮಾಡ್ತಾರ" ಎಂದು ಪಿಸುಗುಟ್ಟಿದೆ. ಆ ಕಡೆಯಿಂದ ಅವ್ವ ಅಳತೊಡಗಿದಳು. ಮಧ್ಯಾಹ್ನ ಮಾವ ಬೆನ್ನಿಗೆ ಪಂಪು ಕಟ್ಟಿಕೊಂಡು, ಮೈಯೆಲ್ಲ ಔಷಧಿ ನಾರುತ್ತ ಬಂದಾಗಲೇ ನನಗೆ ಗೊತ್ತಾದದ್ದು, ಈ ಸೀಮೆಯಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕಕ್ಕೂ ಎಣ್ಣೆ ಅಂತಲೇ ಹೆಸರು ಎಂದು. ಅವ್ವನ ಅಳು ನಿಲ್ಲಿಸಲು ಮತ್ತೆರಡು ಸಲ ಫೋನು ಮಾಡಬೇಕಾಯಿತು.

ಮಾವ, ಅವರ ತಮ್ಮ ಅಂದರೆ ನನ್ನ ಚಿಕ್ಕಮಾವ, ಇಬ್ಬರೂ ಒಂದೇ ಮನೆಯಲ್ಲಿದ್ದರೂ ಹೊಲ ಪಾಲಾಗಿತ್ತು. ಮೂಡಣದ್ದು ಮಾವನದು, ಪಡುವಣದ್ದು ಚಿಕ್ಕಮಾವನದು. ನಡುವಿನ ಬದುವಿನ ಮೇಲೆ ಇಬ್ಬರಿಗೂ ಸೇರಿದ ಮೆಟ್ಟಿಲ ಬಾವಿ. ಎರಡೂ ಹೊಲದಲ್ಲಿ ಹತ್ತಿ, ಮೆಣಸಿನಕಾಯಿ. ಚಿಕ್ಕಮಾವ ವಾರಕ್ಕೊಮ್ಮೆ ಎಣ್ಣೆ ಹೊಡೆದರೆ ಮಾವ ಎರಡು ಸಲ ಹೊಡೆಯುವರು. "ಅವ ಹೊಡದ್ರ ಅವನ ಹೊಲದ ಹುಳ ಎಲ್ಲಿಗೆ ಹೋಗ್ತಾವ? ನನ್ನ ಹೊಲಕ್ಕ ಬರ್ತಾವ" ಎನ್ನುವುದು ಮಾವನ ವಾದ. ಚಿಕ್ಕಮಾವನ ವಾದವೂ ಅಕ್ಷರಶಃ ಅದೇ. ಬದು ದಾಟಿ ದಾಟಿ ಹುಳಗಳಿಗೆ ಸುಸ್ತಾಗಿರಬೇಕು. ಹೊಡೆದ ಮೇಲೆ ಇಬ್ಬರೂ ಬಾವಿಯ ಕಟ್ಟೆಯ ಮೇಲೆ ಪಂಪು ತೊಳೆಯುವರು. ತೊಳೆದ ನೀರು ಎಲ್ಲಿಗೆ ಹರಿಯುತ್ತದೆ ಎಂದು ಯಾರೂ ನೋಡುತ್ತಿರಲಿಲ್ಲ, ನಾನೂ ನೋಡಲಿಲ್ಲ.

ಎರಡನೆಯ ವರ್ಷ ಒಂದು ದೊಡ್ಡ ಮಳೆಯಾದ ಮಾರನೆಯ ಬೆಳಿಗ್ಗೆ ಬಾವಿಯ ಮೀನುಗಳೆಲ್ಲ ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನಮ್ಮ ಮನೆಯಲ್ಲಿ ಮೀನು ತಿನ್ನುವವರಿಲ್ಲ. ಅತ್ತೆ ದಿನಾ ಮಂಡಕ್ಕಿ ಹಾಕಿ ಅವನ್ನು ಕೊಬ್ಬಿಸಿದ್ದರು. ಅತ್ತೆ ಮೆಟ್ಟಿಲ ಮೇಲೆ ಕೂತು ಅತ್ತರು. ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ನೋಡಿಕೊಂಡರು, ನಂತರ ಮಾತು ಬಿಟ್ಟರು. ಅಂದಿನಿಂದ ಅವರ ಮಾತೆಲ್ಲ ನನ್ನ ಮೂಲಕ.

"ತಂಗಿ, ನಿನ್ನ ಮಾವಗ ಹೇಳು, ಹಿಂಗ ಎಣ್ಣಿ ಸುರುವಿದ್ರ ನಾಳಿ ನಾವೂ ತೇಲ್ತೀವಂತ."

"ಅವಗ ಹೇಳವ್ವ, ಮಳಿ ನೀರು ಪಡುವಣದಿಂದ ಹರ್ಕೊಂಡು ಬಂದೈತಂತ."

ಇಬ್ಬರೂ ಕೂತಿರುತ್ತಿದ್ದದ್ದು ಒಂದೇ ಚಾಪೆಯ ಮೇಲೆ. ನಾನು ತುಸು ತಡ ಮಾಡಿದರೆ, "ಹೇಳಿದ್ಯಾ ಇಲ್ಲಾ?" ಎಂದು ಗದರುವರು.

ಒಂದು ತಿಂಗಳು ಈ ಟಪಾಲು ಕೆಲಸ ಮಾಡಿ ಬೇಸತ್ತು, ನೀರನ್ನೇ ಪರೀಕ್ಷೆ ಮಾಡಿಸೋಣ ಎಂದೆ. ಆದೋನಿಯ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ ನನ್ನ ಗಂಡ ಯಾರನ್ನೋ ಕೇಳಿ ಒಂದು ಪರೀಕ್ಷಾಲಯದ ವಿಳಾಸ ತಂದರು. ತಪ್ಪು ಯಾರದು ಎಂದು ಯಂತ್ರವೇ ಹೇಳುತ್ತದೆ ಎಂದು ಅಣ್ಣತಮ್ಮ ಇಬ್ಬರಿಗೂ ಖುಷಿ. ನಾವು ಮೂವರೂ ಪರೀಕ್ಷಾಲಯಕ್ಕೆ ಹೊರಟ ದಿನ ಮಾವ ಬಾವಿಯ ಮೂಡಣ ಮಗ್ಗುಲಲ್ಲಿ ಡಬ್ಬಿಗೆ ನೀರು ತುಂಬಿಕೊಂಡರು. ಚಿಕ್ಕಮಾವ ಸುತ್ತು ಹಾಕಿ ಪಡುವಣ ಮಗ್ಗುಲಿಗೆ ಹೋಗಿ ತುಂಬಿಕೊಂಡರು.

ಪರೀಕ್ಷಾಲಯದಲ್ಲಿದ್ದ ಮೇಡಂ ತೆಲುಗಿನವರು. ಎರಡು ಮಾದರಿ ಯಾಕೆ, ಎರಡು ಬಾವಿ ಇವೆಯಾ ಎಂದು ಕೇಳಿದರು. ಬಾವಿ ಒಂದೇ, ಇದು ಮೂಡಣ ನೀರು, ಅದು ಪಡುವಣ ನೀರು ಎಂದು ಮಾವ ಗಂಭೀರವಾಗಿ ವಿವರಿಸಿದರು. ಮೇಡಂ ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಆಮೇಲೆ ಅವರು ಚಿಕ್ಕಮಾವನ ಡಬ್ಬಿಯ ಮುಚ್ಚಳ ತೆಗೆದು ಮೂಸಿ, ತಲೆ ಹಿಂದಕ್ಕೆಳೆದುಕೊಂಡು, "ಇದಿ ನೀಳ್ಳಾ, ಮಂದಾ?" ಎಂದರು. ನೀರೋ, ಔಷಧಿಯೋ?

"ನೀಳ್ಳೇ ಮೇಡಂ!" ಎಂದರು ಚಿಕ್ಕಮಾವ. "ಎಣ್ಣಿ ಡಬ್ಬೀನ ಮೂರು ಸಲ ಸಬ್ಬು ಹಚ್ಚಿ ತೊಳದೀನ್ರಿ."

ಮೇಡಂ ಎರಡನ್ನೂ ವಾಪಸು ಕೊಟ್ಟು, ತಮ್ಮದೇ ಗಾಜಿನ ಸೀಸೆಗಳನ್ನು ಕೊಟ್ಟರು. ಎರಡೂ ಹೊಲದ ಮಣ್ಣನ್ನೂ ತರಲು ಹೇಳಿದರು. ಈ ಸಲ ಅಣ್ಣತಮ್ಮಂದಿರು ಬಾವಿಗೆ ಕೂಡಿಯೇ ಇಳಿದರು, ಒಬ್ಬರ ಕೈಯ ಮೇಲೆ ಇನ್ನೊಬ್ಬರು ಕಣ್ಣಿಟ್ಟು.

ವರದಿ ತರಲು ಮತ್ತೆ ಮೂವರೂ ಹೋದೆವು. ನೀರಿನಲ್ಲೂ ಎರಡೂ ಹೊಲದ ಮಣ್ಣಿನಲ್ಲೂ ಒಂದೇ ಔಷಧಿ ಸಿಕ್ಕಿದೆ ಎಂದು ಮೇಡಂ ಅದರ ಉದ್ದನೆಯ ಹೆಸರನ್ನೂ, ಅಂಗಡಿಯಲ್ಲಿ ಮಾರುವ ಹೆಸರನ್ನೂ ಓದಿದರು. ಮಾವನ ಮುಖ ಇಳಿದುಹೋಯಿತು. "ಅದು ನಂದವ್ವ. ನನ್ನ ಎಣ್ಣಿ" ಎಂದರು ನನಗೆ. ಅವರ ಮೇಲೆ ನನಗೆ ಮರುಕ ಹುಟ್ಟುವ ಮೊದಲೇ ಚಿಕ್ಕಮಾವ ಕುರ್ಚಿಯಿಂದ ಎದ್ದರು.

"ನಿಂದ್ಯಾಕ ಆಗ್ತೈತಣ್ಣ? ಅದು ನಂದು! ಅಂಗಡ್ಯಾವ ನನಗೊಬ್ಬಗ ಕೊಟ್ಟಾನ. ನಿಮ್ಮಣ್ಣಗ ಹೇಳಬ್ಯಾಡ ಅಂದಾನ."

ತಿಂಗಳ ಮೇಲಾದ ನಂತರ ಅಣ್ಣನಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ನನಗೂ ಹಂಗ ಅಂದಾನಲೋ," ಎಂದರು ಮಾವ ಮೆಲ್ಲಗೆ. "ನಿನ್ನ ತಮ್ಮಗ ಹೇಳಬ್ಯಾಡ ಅಂದಾನ."

ಮೇಡಂ ಪೆನ್ನು ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, ನಗದೆ ಹೇಳಿದರು: ಆ ನೀರನ್ನು ಕುಡಿಯಬೇಡಿ, ದನಕ್ಕೂ ಕುಡಿಸಬೇಡಿ.

ಸಂಜೆ ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ಚಿಕ್ಕಮಾವನ ಹೆಂಡತಿ, ನನ್ನ ಚಿಕ್ಕತ್ತೆ, "ನಾವೆಲ್ಲಿ ಕುಡೀತೀವಿ? ನಮ್ಮದು ಕ್ಯಾನ್ ನೀರು" ಎಂದು ಕೈ ಕೊಡವಿದರು. ಅತ್ತೆ, "ಮತ್ತ ಪೂಜಿಗಿ?" ಎಂದರು.

ಕ್ಯಾನಿನ ನೀರು ಯಂತ್ರದಲ್ಲಿ ಹಾಯ್ದು, ಆಟೋದಲ್ಲಿ ಕುಲುಕಿ, ಯಾರಾರದೋ ಕೈ ಮುಟ್ಟಿ ಬರುತ್ತದೆಂದು ಅತ್ತೆ ಪೂಜೆಗೆ ಮಾತ್ರ ಬಾವಿಯಿಂದಲೇ ತಾಮ್ರದ ತಂಬಿಗೆಯಲ್ಲಿ ನೀರು ತರುತ್ತಿದ್ದರು. ಮಾವ ಅದನ್ನು ಲಿಂಗಕ್ಕೆ ಎರೆದು, ಅಂಗೈಯಲ್ಲಿ ಹಿಡಿದು ಮೂರು ಗುಟುಕು ತೀರ್ಥವೆಂದು ಕುಡಿಯುತ್ತಿದ್ದರು.

"ಇಷ್ಟು ವರ್ಷ ಲಿಂಗಕ್ಕ ಎಣ್ಣಿ ಎರದೀವೇನ್ರಿ?" ಎಂದರು ಅತ್ತೆ.

ಯಾರೂ ನಗಲಿಲ್ಲ. ಮಾವ ತಮ್ಮ ಅಂಗೈಯನ್ನು ನೋಡಿಕೊಂಡರು.

ಮಾರನೆಯ ದಿನದಿಂದ ದೇವರಿಗೂ ಕ್ಯಾನ್ ನೀರೇ ಬಂತು. ಮಡಿಗೆ ಕೊರತೆಯಾಗಬಾರದೆಂದು ಅತ್ತೆ ಒಂದು ಕ್ಯಾನಿಗೆ ಮೂರು ಬೆರಳಿನ ವಿಭೂತಿ ಬಳಿದು ಬೇರೆಯಾಗಿಟ್ಟರು. ನೀರು ತರುವವನು ಅದನ್ನು ಕಂಡು, ಇಳಿಸುವ ಮೊದಲು ಚಪ್ಪಲಿ ಬಿಡತೊಡಗಿದ.

ಬಾವಿಯ ಕಟ್ಟೆಯ ಮೇಲೆ ಪಂಪು ತೊಳೆಯುವುದು ನಿಂತಿತು. ವಾರ ನೋಡಿ ಹೊಡೆಯುತ್ತಿದ್ದವರು ಈಗ ಎಲೆ ತಿರುವಿ, ಹುಳ ನೋಡಿ, ತೀರಾ ಬೇಕೆಂದರೆ ಮಾತ್ರ ಹೊಡೆಯತೊಡಗಿದರು. ಚಿಕ್ಕಮಾವ ಬೇವಿನ ಬೀಜ, ಬೆಳ್ಳುಳ್ಳಿ, ಗಂಜಲ ಸೇರಿಸಿ ಹಿತ್ತಲಲ್ಲಿ ಕೊಳೆಹಾಕಿದ ಕಷಾಯದ ವಾಸನೆಗೆ ಪಕ್ಕದ ಮನೆಯವರು ಬಂದು, "ಏನ್ ಸತ್ತೈತ್ರಿ ನಿಮ್ಮಲ್ಲಿ?" ಎಂದು ವಿಚಾರಿಸಿದರು. ಮೊದಲ ವರ್ಷ ಮೆಣಸಿನ ಗಿಡದಲ್ಲಿ ಹುಳದ ಪಾಲೇ ಹೆಚ್ಚಾಯಿತು. ಆದರೂ ಮಾವ ಎಣ್ಣೆಯ ಅಂಗಡಿಗೆ ಹೋಗಲಿಲ್ಲ. ಎರಡು ವರ್ಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿದಾಗ ಔಷಧಿ ಕಡಿಮೆಯಾಗಿತ್ತು, ಹೋಗಿರಲಿಲ್ಲ. ಇನ್ನೂ ವರ್ಷಗಳು ಬೇಕು ಎಂದರು ಮೇಡಂ. ಆ ನೀರನ್ನು ನಾವು ಈಗಲೂ ಕುಡಿಯುವುದಿಲ್ಲ.

ಕಳೆದ ಮಳೆಗಾಲ ಒಂದು ಮಧ್ಯಾಹ್ನ ಎಲ್ಲರೂ ಉಣ್ಣುತ್ತಿದ್ದಾಗ ಚಿಕ್ಕಮಾವ ಕೆಸರುಗಾಲಲ್ಲೇ ಪಡಸಾಲೆಗೆ ನುಗ್ಗಿದರು. ಕೈಯಲ್ಲೊಂದು ಮುತ್ತುಗದ ಎಲೆ, ಎಲೆಯ ಮೇಲೆ ಕೆಂಪಗೆ ಹೊರಳಾಡುವ ಎರೆಹುಳ. ಅದನ್ನು ನೇರ ಚಿಕ್ಕತ್ತೆಯ ಮೂಗಿನ ಕೆಳಗೆ ಹಿಡಿದರು.

"ನೋಡಿಲ್ಲಿ! ಎಷ್ಟು ವರ್ಷದ ಮ್ಯಾಲೆ ನಮ್ಮ ಹೊಲದಾಗ ಸಿಕ್ಕೈತಿ!"

"ಥೂ, ಉಣ್ಣಾಕ ಕುಂತಾಗನ ತರಬೇಕೇನ್ರಿ ಅದನ್ನ?" ಎಂದು ಚಿಕ್ಕತ್ತೆ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಮಾವ ಮಾತ್ರ ಎಂಜಲು ಕೈಯಲ್ಲೇ ಎದ್ದು ಬಂದು ಬಗ್ಗಿ ನೋಡಿದರು. "ಎಷ್ಟು ಉದ್ದೈತೋ!" ಎಂದರು. ಆಮೇಲೆ ಇಬ್ಬರೂ ಅದನ್ನು ಸಿಕ್ಕಿದಲ್ಲಿಯೇ ಬಿಟ್ಟುಬರಲು, ತಲೆಯ ಮೇಲೆ ಒಂದೇ ಗೋಣಿಚೀಲ ಹೊದ್ದು, ತುಂತುರು ಮಳೆಯಲ್ಲಿ ಹೊಲದ ಕಡೆ ನಡೆದರು.