ಭತ್ತ ಬೇಯಿಸುವ ಒಲೆಯಲ್ಲಿ ತಂಗಿಯ ಮದುವೆಯ ಕೇಕು

ನನ್ನ ತಂಗಿಯ ಮದುವೆಯ ಕೇಕನ್ನು ನಾನು ಭತ್ತ ಬೇಯಿಸುವ ಒಲೆಯಲ್ಲಿ ಬೇಯಿಸಿದೆ ಎಂದರೆ ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಗಲಿ ಪಾಪ. ಅವರಿಗೆ ಕೇಕು ಎಂದರೆ ಪೇಟೆಯಿಂದ ಡಬ್ಬಿಯಲ್ಲಿ ಬರುವ ವಸ್ತು. ಅರವತ್ತರ ದಶಕದ ಗುಲ್ವಾಡಿಯಲ್ಲಿ ಅದನ್ನು ಕಣ್ಣಲ್ಲಿ ಕಂಡವರೇ ನಾಲ್ಕು ಜನ ಇರಲಿಲ್ಲ. ಮಾಡಲು ಬರುತ್ತಿದ್ದದ್ದು ನನಗೊಬ್ಬಳಿಗೆ. ಅದರ ಜಂಬವೂ ನನಗೆ ಸ್ವಲ್ಪ ಇತ್ತು.

ಕಲಿತದ್ದು ಬ್ರಹ್ಮಾವರದಲ್ಲಿ. ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಒಂದು ವರ್ಷ ಹೊಲಿಗೆ ಕಲಿತೆ. ಪಕ್ಕದ್ದು ಕ್ರಿಶ್ಚಿಯನ್ನರ ಮನೆ. ಆ ಮನೆಯ ಹಿರಿಯ ಹೆಂಗಸನ್ನು ಊರಿಡೀ ಬಾಯಮ್ಮ ಎಂದೇ ಕರೆಯುತ್ತಿತ್ತು. ಕ್ರಿಸ್‌ಮಸ್ಸಿಗೆ ಅವರು ಅಂಗಳದಲ್ಲಿ ತಾಮ್ರದ ಪಾತ್ರೆಗೆ ಮರಳು ತುಂಬಿ, ಮೇಲೆ ಕೆಳಗೆ ಕೆಂಡ ಹಾಕಿ ಕೇಕು ಬೇಯಿಸುತ್ತಿದ್ದರು. ಮೊಟ್ಟೆ ಕಡೆಯಲು ನನ್ನ ರಟ್ಟೆ ಬೇಕಾಗಿತ್ತು ಅವರಿಗೆ. ರಟ್ಟೆಯ ಬಾಬ್ತು ನನಗೆ ವಿದ್ಯೆ ಸಿಕ್ಕಿತು. "ಪರಿಮಳ ಹೊರಗೆ ಬರುವ ತನಕ ಮುಚ್ಚಳ ತೆಗಿಬೇಡ ಮಗಳೇ. ಗಾಳಿ ತಾಗಿದ್ರೆ ನಡು ಕೂತು ಹೋಗ್ತದೆ," ಎಂದು ಪ್ರತಿ ಸಲವೂ ಎಚ್ಚರಿಸುತ್ತಿದ್ದರು. ಊರಿಗೆ ಬರುವಾಗ ಒಂದು ತುಂಡು ಕೇಕು ಕಟ್ಟಿಕೊಟ್ಟರು. ಬಸ್ಸಿನಲ್ಲಿ ಅದು ಪುಡಿಯಾಗಿತ್ತು. ತಂಗಿ ಆ ಪುಡಿಯನ್ನು ಬೆರಳಲ್ಲಿ ಒತ್ತಿ ಒತ್ತಿ ತಿಂದು ಕಾಗದವನ್ನೂ ಮೂಸಿದಳು.

ನಮ್ಮಿಬ್ಬರ ನಡುವೆ ನಾಲ್ಕು ವರ್ಷದ ಅಂತರ. ಅವಳು ಬಿಳಿ, ನಗುಮುಖ, ಯಾರೊಡನೆಯೂ ಮಾತಾಡುವವಳು. ನಾನು ಎಣ್ಣೆಗಪ್ಪು, ಬಾಯಿ ಜೋರು. ಅವಳ ತಲೆ ಬಾಚಿದವಳು ನಾನು, ಲಂಗ ಹೊಲಿದವಳು ನಾನು, ಶಾಲೆಗೆ ಹೋಗುವ ದಾರಿಯಲ್ಲಿ ಹಳ್ಳಕ್ಕೆ ಹಾಕಿದ್ದ ಮರದ ಸಂಕದ ಮೇಲೆ ಕೈ ಹಿಡಿದು ದಾಟಿಸಿದವಳೂ ನಾನೇ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಅವಳನ್ನು ಮದುವೆಯಾದ ಹುಡುಗ ಮೊದಲು ನೋಡಲು ಬಂದದ್ದು ನನ್ನನ್ನು.

ಹುಡುಗನ ಕಡೆಯವರು ಕಿರಿಮಂಜೇಶ್ವರದವರು. ಅವನು ಬೊಂಬಾಯಿಯಲ್ಲಿ ತನ್ನ ಸೋದರಮಾವನ ಹೋಟೆಲು ನೋಡಿಕೊಳ್ಳುತ್ತಿದ್ದ. ನಾನು ಒಳ್ಳೆಯ ಸೀರೆ ಉಟ್ಟು, ತಲೆ ತಗ್ಗಿಸಿ, ನನ್ನ ಸ್ವಭಾವಕ್ಕೆ ವಿರುದ್ಧವಾಗಿ ಬಾಯಿ ಮುಚ್ಚಿಕೊಂಡು ಕಾಫಿ ಕೊಟ್ಟೆ. ಅಂಗಳದಲ್ಲಿ ತಂಗಿ ಭತ್ತಕ್ಕೆ ಬಂದ ಕೋಳಿ ಓಡಿಸುತ್ತಿದ್ದಳು. ಎಂಟು ದಿನ ಬಿಟ್ಟು ಮಾತು ಬಂತು: ಕಿರಿಯವಳನ್ನು ಕೊಡುವುದಾದರೆ ಅಡ್ಡಿಯಿಲ್ಲ.

ನಮ್ಮಲ್ಲಿ ಯಜಮಾನಿಕೆ ಅಮ್ಮನ ಅಣ್ಣನದು. ಮಾವ ಒಳ್ಳೆಯವರು. ನನ್ನನ್ನು ಜಗಲಿಗೆ ಕರೆದು ಕೇಳಿದರು, "ನಿಂಗೆ ಬೇಜಾರ್ ಇತ್ತಾ ಮಗಾ? ಇದ್ರೆ ಹೇಳ್, ನಾ ಬ್ಯಾಡ ಅಂದ್ ಹೇಳಿ ಕಳ್ಸ್ತೆ."

"ಎಂತ ಬೇಜಾರ್? ಎಂತದೂ ಇಲ್ಲೆ," ಎಂದೆ. ಅವರ ಮಾತು ಮುಗಿದದ್ದೇ ತಡ, ಅಂದುಬಿಟ್ಟೆ.

ಬೇಜಾರು ಇತ್ತು. ಬೇಕಾದಷ್ಟಿತ್ತು. ಆದರೆ ಅದನ್ನು ತೋರಿಸಿಕೊಂಡರೆ ನನ್ನ ಮರ್ಯಾದೆ ಏನಾಗಬೇಕು? ಸಾಲದ್ದಕ್ಕೆ ಆ ಪೆದ್ದಿ ನನ್ನ ಕುತ್ತಿಗೆಗೆ ಜೋತುಬಿದ್ದು, "ಅಕ್ಕಾ, ನನ್ ಮದಿಗೆ ನೀನೇ ಕೇಕ್ ಮಾಡ್ಕ್ ಕಾಣ್. ಬೊಂಬಾಯಂಗೆ ಮದಿಗೆ ಕೇಕ್ ಇರತ್ತಂಬ್ರ್," ಎಂದಳು. ಒಪ್ಪಿದೆ. ಚೆನ್ನಾಗಿ ಮಾಡಿಕೊಟ್ಟರೆ ನನ್ನಲ್ಲಿ ಹೊಟ್ಟೆಕಿಚ್ಚಿಲ್ಲ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಹಾಳಾದರೆ? ಬಂದ ನೆಂಟರ ಬಾಯಿ ಮುಚ್ಚಿಸಲು ಯಾರಿಂದಲೂ ಆಗದು. ಒಪ್ಪಿದ ಗಳಿಗೆಯಲ್ಲೇ ಅದು ನನಗೆ ಗೊತ್ತಿತ್ತು.

ಮೊದಲ ತಕರಾರು ಅಮ್ಮಮ್ಮನದು. ನಾವು ಮೀನು ಮೊಟ್ಟೆ ತಿನ್ನುವವರೇ. ಆದರೆ ಮದುವೆಯ ಅಡುಗೆ ಎಂದರೆ ಅದಕ್ಕೊಂದು ಮಡಿ ಇದೆಯಲ್ಲ. "ಕೋಳಿಮೊಟ್ಟೆ ಹಾಕಿದ್ದ್ ಎಂತದೂ ಮದಿ ಚಪ್ಪರ್ದೊಳ್ಗೆ ಬಪ್ಪುಕಾಗ," ಎಂದರು. ಅಡುಗೆಮನೆಯೂ ಇಲ್ಲ, ಚಪ್ಪರವೂ ಇಲ್ಲ ಎಂದ ಮೇಲೆ ಉಳಿದದ್ದು ಹಿತ್ತಲಿನ ಮೂಲೆಯಲ್ಲಿದ್ದ ಭತ್ತ ಬೇಯಿಸುವ ಒಲೆ. ಕುಚ್ಚಲಕ್ಕಿಗೆ ಮುಡಿಗಟ್ಟಲೆ ಭತ್ತ ಬೇಯುವ ಒಲೆಯದು, ಮೂರು ಸೇರು ಹಿಟ್ಟಿನ ಕೇಕಿಗೆ ಹೆದರೀತೇ?

ಹೆದರಲಿಲ್ಲ, ನುಂಗಿತು. ಪರೀಕ್ಷೆಗೆಂದು ಮಾಡಿದ ಮೊದಲ ಕೇಕು ಕಪ್ಪಗೆ ಕರಟಿ ಹೋಗಿ, ಅಂಗಳಕ್ಕೆ ಎಸೆದರೆ ಕೋಳಿಗಳೂ ಕುಟುಕಿ ನೋಡಿ ಬಿಟ್ಟುಹೋದವು. ಎರಡನೆಯದಕ್ಕೆ ಸೌದೆ ತೆಗೆದು ತೆಂಗಿನ ಗೆರಟೆಯ ಕೆಂಡ ಮಾತ್ರ ಹಾಕಿದೆ. ಹದವಾಗಿ ಬಂತು. ಆದರೆ ಡಬ್ಬಿಯ ತಳಕ್ಕೆ ಹಾಕಿದ್ದ ಪೇಪರನ್ನು ಅಮ್ಮಮ್ಮ ನೋಡಿಬಿಟ್ಟರು. "ಅಕ್ಷರ ಇಪ್ಪ ಕಾಗ್ದದ್ ಮೇಲೆ ಉಂಬುದ್ ಇಡುದಾ? ಸರಸ್ವತಿ ಅಲ್ದಾ ಅದ್?" ಎಂದು ಗದರಿಸಿ, ತಾವೇ ಹಿತ್ತಲಿಗೆ ಹೋಗಿ ಅರಶಿನದ ಎಲೆ ಕೊಯ್ದು ತಂದರು. ದೀಪಾವಳಿ ಕಳೆದು ವಾರವಾಗಿತ್ತಷ್ಟೆ, ಎಲೆಗಳು ಇನ್ನೂ ಹಸಿರಾಗಿದ್ದವು. ಶುಭಕಾರ್ಯಕ್ಕೆ ಅರಶಿನ ಇದ್ದರೆ ಒಳ್ಳೆಯದೇ ಎಂದು ಅಮ್ಮನೂ ದನಿಗೂಡಿಸಿದರು. ಹಾಗಾಗಿ ನಮ್ಮ ಕೇಕಿಗೆ ಅರಶಿನದ ಎಲೆಯಲ್ಲಿ ಬೇಯಿಸುವ ನಾಗರಪಂಚಮಿಯ ಕಡುಬಿನ ಪರಿಮಳ ಖಾಯಂ ಆಯಿತು. ಬಾಯಮ್ಮ ನೋಡಿದ್ದರೆ ಎದೆಗೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು.

ಮದುವೆಯ ಹಿಂದಿನ ದಿನ ಊಟದ ಹೊತ್ತು ದಾಟಿದ ಮೇಲೆ ನಿಜವಾದ ಕೇಕಿಗೆ ಕುಳಿತೆ. ಮನೆ ತುಂಬ ನೆಂಟರು. ನಾನು ಹಿತ್ತಲಿನ ಕಟ್ಟೆಯಲ್ಲಿ ಕೂತು ಬೆಣ್ಣೆ ಸಕ್ಕರೆಯನ್ನು ಬೆಳ್ಳಗಾಗುವ ತನಕ ಕೈಯಲ್ಲಿ ತಿಕ್ಕಿದೆ. ಅಕ್ಕಪಕ್ಕದ ಮನೆಗಳಿಂದ ಒಟ್ಟುಮಾಡಿದ ಹನ್ನೆರಡು ನಾಟಿಮೊಟ್ಟೆಯನ್ನು ಕಡಗೋಲಿನಲ್ಲಿ ಕಡೆದೆ. ಮೈದಾ, ಗೇರುಬೀಜ, ಒಣದ್ರಾಕ್ಷಿ, ಬಾಯಮ್ಮ ಪೊಟ್ಟಣ ಕಟ್ಟಿ ಕಳಿಸಿದ ಬೇಕಿಂಗ್ ಪೌಡರು. ಎಲ್ಲ ಸೇರಿಸಿ ದೊಡ್ಡ ಬಿಸ್ಕತ್ತಿನ ಡಬ್ಬಿಗೆ ಹುಯ್ದು, ಮರಳು ಕಾದಿದ್ದ ತಾಮ್ರದ ಪಾತ್ರೆಯಲ್ಲಿ ಇಟ್ಟು, ಮುಚ್ಚಳದ ಮೇಲೆ ಗೆರಟೆ ಕೆಂಡ ಹರಡಿದೆ. ನಿಜ ಹೇಳುತ್ತೇನೆ, ಆ ಎರಡು ಗಂಟೆ ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕೆಲಸದಲ್ಲಿ ಸುಖವಾಗಿದ್ದೆ.

ಸ್ವಲ್ಪ ಹೊತ್ತಿನಲ್ಲಿ ಒಳಗೆ ಯಾರೋ ಕರೆದರು. ಹುಡುಗನ ಮನೆಯಿಂದ ತಂಗಿಗೆ ಬಂದ ಸೀರೆಗಳನ್ನು ಮಂಚದ ಮೇಲೆ ಹರಡಿದ್ದರು. ಒಂದು ಹಸಿರು ಸೀರೆ ಇತ್ತು. ಅದನ್ನು ಎತ್ತಿ ಹಿಡಿದು ಮಾವನ ಹೆಂಡತಿ, ನಮ್ಮ ಅತ್ತೆ, "ಈ ಬಣ್ಣ ಕಪ್ಪಿನವ್ರಿಗೆ ಒಪ್ಪುದಿಲ್ಲೆ," ಎಂದು ನನ್ನ ಕಡೆ ನೋಡಿದರು. ನಾಲ್ಕು ಹೆಂಗಸರು ನಕ್ಕರು. ನಾನೂ ನಕ್ಕೆ. ನಗುತ್ತಲೇ ಎದ್ದು ಹಿಂಬಾಗಿಲಿಗೆ ಬಂದು ನಿಂತೆ. ಮುಖಕ್ಕೆ ಗಾಳಿ ಬೇಕಾಗಿತ್ತು.

ಅಲ್ಲಿಂದ ಒಲೆಗೆ ಹತ್ತು ಮಾರು. ತಂಗಿ ಒಲೆಯ ಹತ್ತಿರ ನಿಂತಿದ್ದಳು. ಮುಚ್ಚಳದ ಬಳೆಗೆ ಒಂದು ಕೋಲು ತೂರಿಸಿ ಎತ್ತಲು ಹೊರಟಿದ್ದಳು. ಕೇಕಿಗೆ ಇನ್ನೂ ಅರ್ಧ ಗಂಟೆ ಬೇಕಿತ್ತು. ಈಗ ಎತ್ತಿದರೆ ನಡು ಕೂತುಹೋಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. 'ಹೆಣೆ, ಬ್ಯಾಡ' ಎಂಬ ಎರಡು ಮಾತು ಸಾಕಿತ್ತು. ನನ್ನ ದನಿಯೇನು ಸಣ್ಣದಲ್ಲ, ಹೊಳೆಯ ಆಚೆಗೂ ಕೇಳಿಸುವಂಥದ್ದು. ಬಾಯಿ ತೆರೆದೆ, ಕೂಗಲಿಲ್ಲ. ಕೂತು ಹೋಗಲಿ ಅನ್ನಿಸಿತು. ಒಂದೇ ಗಳಿಗೆ, ಆದರೆ ಅನ್ನಿಸಿದ್ದು ಹೌದು. ಅವಳು ಮುಚ್ಚಳ ಎತ್ತಿ, ಬಗ್ಗಿ, ಕಣ್ಣರಳಿಸಿ ನೋಡಿ, ಮೆಲ್ಲಗೆ ಮತ್ತೆ ಮುಚ್ಚಿ ಹೋದಳು.

ಕೇಕು ಹೊರಗೆ ತೆಗೆದಾಗ ನಡುವೆ ಅರೆಯುವ ಕಲ್ಲಿನ ಗುಂಡಿಯಂಥ ಗುಂಡಿ. ನೋಡಲು ನೆಂಟರ ಹಿಂಡೇ ಬಂತು. ತಂಗಿಯನ್ನು ಮಾತ್ರ ಎಣ್ಣೆಸ್ನಾನಕ್ಕೆ ಕರೆದೊಯ್ದಿದ್ದರು. ಅಮ್ಮ ಗಾಬರಿಯಿಂದ ಏನಾಯಿತೆಂದು ಕೇಳಿದಾಗ, "ಗಾಳಿ ತಾಗಿರ್ಕ್," ಎಂದಷ್ಟೇ ಹೇಳಿದೆ. ಅತ್ತೆ ಸುಮ್ಮನಿರುವವರೇ? "ಹೊಟ್ಟೆಯಂಗೆ ಕಿಚ್ಚ್ ಇಟ್ಕಂಡ್ ಮಾಡಿರೆ ಉಬ್ಬುದ್ ಹ್ಯಾಂಗೆ?" ಎಂದು ಗೋಡೆಗೆ ಹೇಳಿದಂತೆ ಹೇಳಿದರು. ಬೇರೆ ದಿನವಾಗಿದ್ದರೆ ನಾನು ಅವರನ್ನು ಬಿಡುತ್ತಿರಲಿಲ್ಲ. ಆದರೆ ಮುಚ್ಚಳ ಎತ್ತಿದವಳು ಮದುಮಗಳು ಎಂದರೆ, ನೀನು ಕಂಡೂ ಯಾಕೆ ತಡೆಯಲಿಲ್ಲ ಎಂಬ ಪ್ರಶ್ನೆ ಬರುತ್ತದೆ.

ತೆಂಗಿನಕಾಯಿ ತುರಿದು, ಬೆಲ್ಲ ಏಲಕ್ಕಿ ಹಾಕಿ, ಕಡುಬಿಗೆ ಮಾಡುವಂತೆ ಕಾಯಿಬೆಲ್ಲ ಮಾಡಿ ಆ ಗುಂಡಿ ತುಂಬಿ ಸಪಾಟು ಮಾಡಿ, ಕಾಣದಂತೆ ಕೇಕನ್ನು ಮಗುಚಿ ಇಟ್ಟೆ. ಕೈ ಕೆಲಸ ಮಾಡುತ್ತಿತ್ತು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಒಲೆಯ ಹೊಗೆ ಎಂದು ಎಲ್ಲರೂ ತಿಳಿದುಕೊಂಡರು.

ಮರುದಿನ ಧಾರೆಯಾಗಿ, ಊಟವಾಗಿ, ಎಲೆ ತೆಗೆದ ಮೇಲೆ ಚಪ್ಪರದ ಹೊರಗೆ ಮಾವಿನ ಮರದಡಿ ಮೇಜು ಹಾಕಿ ಕೇಕನ್ನು ಇಟ್ಟರು. ಬೊಂಬಾಯಿಯ ಕ್ರಮದಂತೆ ಮದುಮಕ್ಕಳು ಕತ್ತರಿಸಬೇಕು ಎಂದು ಯಾರೋ ಹೇಳಿದ್ದೇ ತಡ, ಅಮ್ಮಮ್ಮ ಮತ್ತೆ ಅಡ್ಡ ಬಂದರು. ನಮ್ಮಲ್ಲಿ ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲು ಕತ್ತಿ ಹಾಕುವುದಿಲ್ಲ. ಗಂಡಸರೊಬ್ಬರು ಎರಡು ಹೋಳು ಮಾಡಿಕೊಟ್ಟ ಮೇಲೆಯೇ ಹೆಂಗಸರು ಮುಟ್ಟುವುದು. ದುಂಡಗಿದ್ದದ್ದೆಲ್ಲ ಅಮ್ಮಮ್ಮನಿಗೆ ಕುಂಬಳಕಾಯಿಯೇ. ಕೊನೆಗೆ ಮಾವ ರುಮಾಲು ಸರಿಮಾಡಿಕೊಂಡು, ಅಡಿಗೆಯವರ ದೊಡ್ಡ ಕತ್ತಿ ತರಿಸಿ, ದೇವರನ್ನು ನೆನೆದು, ಒಂದೇ ಏಟಿಗೆ ಕೇಕನ್ನು ಎರಡು ಮಾಡಿದರು. ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಮದುಮಗ ಬಾಯಿಗೆ ಶಲ್ಯ ಅಡ್ಡ ಹಿಡಿದುಕೊಂಡು ನಗುತ್ತಿದ್ದ.

ಹೋಳಾದ ಮೇಲೆ ಹೊಟ್ಟೆ ಕಾಣದೆ ಇರುತ್ತದೆಯೇ? ಹುಡುಗನ ತಾಯಿ ಬಗ್ಗಿ ನೋಡಿ, "ಇದೆಂತ, ನಡುಗೆ ಕಾಯ್ಬೆಲ್ಲ?" ಎಂದು ಕೇಳಿದರು. ಅತ್ತೆ ಕಾದಿದ್ದವರಂತೆ, "ನಡು ಕೂತ್ ಹೋಯ್ತ್ ಅಮಾ. ಮಾಡ್ದವ್ರ್ ಮನ್ಸ್ ಹ್ಯಾಂಗಿತ್ತೋ, ನಮ್ಗೆಂತ ಗೊತ್ತಿತ್ತ್!" ಎಂದರು. ಎಲ್ಲರ ಕಣ್ಣೂ ನನ್ನ ಮೇಲೆ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಆ ಕಾಲದಲ್ಲಿ ಮದುಮಗಳು ಗಂಡನ ಮನೆಯವರೆದುರು ತಲೆ ಎತ್ತುತ್ತಿರಲಿಲ್ಲ, ಮಾತಂತೂ ಇಲ್ಲವೇ ಇಲ್ಲ. ನನ್ನ ತಂಗಿ ತಲೆ ಎತ್ತಿದಳು. "ಅಕ್ಕ ಸಮಾ ಮಾಡಿದ್ಲ್," ಎಂದಳು. "ಮುಚ್ಳ ತೆಗ್ದ್ ಹಾಳ್ ಮಾಡಿದ್ದ್ ನಾನ್."

ಮದುಮಗ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಕೂತದ್ದೇ ಒಳ್ಳೇದಾಯ್ತ್. ಕಾಯ್ಬೆಲ್ಲದ್ ಕೇಕ್ ಬೊಂಬಾಯಂಗೂ ಸಿಕ್ಕುದಿಲ್ಲೆ," ಎಂದ. ಎಲ್ಲರೂ ನಕ್ಕರು. ಅತ್ತೆಯೂ ನಗಬೇಕಾಯಿತು. ಐದು ನಿಮಿಷದಲ್ಲಿ ಕೇಕು ಖಾಲಿ. ಅವನು ಒಳ್ಳೆಯವನು ಎಂದು ನನಗೆ ಆಗಲೇ ಗೊತ್ತಾಯಿತು. ಅದರಿಂದ ಸ್ವಲ್ಪ ಸಂಕಟವೂ ಆಯಿತು, ಸುಳ್ಳು ಯಾಕೆ ಹೇಳಲಿ.

ಬಿಸಿಲು ಇಳಿಯುವಾಗ ದಿಬ್ಬಣ ಹೊರಟಿತು. ದೋಣಿಯಲ್ಲಿ ಹೊಳೆ ದಾಟಿ ಬಸ್ಸಿಗೆ ಹೋಗಬೇಕು. ದೋಣಿ ಹತ್ತುವ ಕಡೆ ತಂಗಿ ಅಮ್ಮನನ್ನು ತಬ್ಬಿ ಅತ್ತು, ನನ್ನ ಹತ್ತಿರ ಬಂದಳು. ಅಳು ನಿಂತಿರಲಿಲ್ಲ. ಕಿವಿಯ ಹತ್ತಿರ ಬಾಯಿ ತಂದು, "ಅಕ್ಕಾ, ನನ್ನಿಂದಾಯಿ ನೀ ಬೈಸ್ಕಂಡೆ. ನಾ ಮುಚ್ಳ ತೆಗುವತಿಗೆ ನೀ ಬಾಗ್ಲಂಗೆ ನಿಂತ್ಕಂಡ್ ಕಾಂತಿದ್ದೆ ಅಲ್ದಾ? ನೀ ಬ್ಯಾಡ ಅನ್ಲಿಲ್ಲೆ. ಹಂಗಾಯಿ ತೆಗ್ದ್ರೆ ಅಡ್ಡಿಲ್ಲೆ ಅಂದ್ಕಂಡೆ," ಎಂದಳು.

ಅವಳ ಮುಖ ನೋಡಿದೆ. ಕೊಂಕಿರಲಿಲ್ಲ, ಗುಮಾನಿಯೂ ಇರಲಿಲ್ಲ. ಸಂಕದ ಮೇಲೆ ಕೈ ಹಿಡಿದಿದ್ದ ಅಕ್ಕ ಸುಮ್ಮನೆ ನಿಂತಿದ್ದಾಳೆ ಎಂದರೆ ಹೆದರುವಂಥದ್ದು ಏನೂ ಇಲ್ಲ ಎಂದೇ ಅವಳ ಲೆಕ್ಕ. ಅವಳು ಸಿಟ್ಟಿನಲ್ಲಿ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ.

"ನಾ ಬ್ಯಾಡ ಅನ್ಬೇಕಿತ್ತ್," ಎಂದೆ.

"ಹೋಯ್ಲಿ ಬಿಡ್ ಮಾರಾಯ್ತಿ," ಎಂದು ಅವಳು ಅಳುವಿನ ನಡುವೆಯೇ ನಕ್ಕು ದೋಣಿ ಹತ್ತಿದಳು. ಯಾಕೆ ಅನ್ನಲಿಲ್ಲ ಎಂದು ಅವಳು ಆವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಕೇಳಿದರೆ ಹೇಳಿಬಿಡೋಣ ಎಂದು ನಾನು ಇಷ್ಟು ವರ್ಷ ಕಾದೆ.